ಹನಿ ರಕ್ತದ ಸಾಕ್ಷ್ಯ

ಹೃದಯದ ಕೆಟ್ಟ ಕವಾಟವನ್ನು ತೆಗೆಯಿಸಿ ಅದರ ಸ್ಥಾನದಲ್ಲಿ ಲೋಹದ ಕವಾಟವನ್ನು ಇರಿಸಿಕೊಂಡವರು ಅಂದಿನಿಂದ ಜೀವಮಾನಪರ್ಯಂತ ಎರಡು ಅಪಾಯಗಳ ನಡುವಣ ಇಕ್ಕಟ್ಟಾದ ದಾರಿಯಲ್ಲಿ ನಡೆಯತಕ್ಕವರಾಗುತ್ತಾರೆ. ರಕ್ತವನ್ನು ಅದರ ಸಹಜಸ್ವಭಾವದಂತೆ ಹೆಪ್ಪುಗಟ್ಟಲು ಬಿಟ್ಟರೆ ಆ ಪರಕೀಯ ವಸ್ತುವಿನ ಅಂಚಿನಲ್ಲಿ ಗರಣೆ ಕಟ್ಟಿ ಕವಾಟವೇ ಸಿಕ್ಕಿಕೊಳ್ಳಬಹುದು, ಇಲ್ಲವೆ ಗರಣೆಯ ತುಣುಕೊಂದು ಮಿದುಳಿನ ಧಮನಿಯನ್ನು ಸೇರಿ ಕೈಕಾಲಿನ ಬಲವನ್ನೂ ಬಾಯಿಯ ಮಾತನ್ನೂ ಒಂದೇ ಗಳಿಗೆಯಲ್ಲಿ ಕಸಿದುಕೊಳ್ಳಬಹುದು. ಹಾಗಾಗದಿರಲೆಂದು ಕೊಡುವ ಔಷಧದ ಪ್ರಮಾಣ ಮೀರಿದರೆ ಹೊಟ್ಟೆಯಲ್ಲಿಯೋ ಮಿದುಳಿನಲ್ಲಿಯೋ ರಕ್ತಸ್ರಾವವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ಎರಡರ ನಡುವೆ ಕ್ಷೇಮವೆಂದು ವೈದ್ಯಶಾಸ್ತ್ರವು ಗೊತ್ತುಮಾಡಿರುವ ಜಾಗ ಬಲು ಕಿರಿದು. ಮಹಾಧಮನಿಯ ಕವಾಟವಾದರೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಕವಾಟವಾದರೆ 2.5ರಿಂದ 3.5. ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆಯೆಂಬುದನ್ನು ಸೂಚಿಸಲು ಆಸ್ಪತ್ರೆಯ ಚೀಟಿಗಳಲ್ಲಿ ಐ.ಎನ್.ಆರ್. ಎಂದು ಬರೆಯುವ ಸಂಖ್ಯೆ ಇದೇ. ಈ ಔಷಧವನ್ನು ಸೇವಿಸದ ಆರೋಗ್ಯವಂತರಲ್ಲಿ ಅದು 1ರ ಆಸುಪಾಸಿನಲ್ಲಿರುತ್ತದೆ.

ಈ ಸಂಖ್ಯೆಯನ್ನು ತಿಳಿಯುವುದಕ್ಕಾಗಿ ತಿಂಗಳಿಗೊಮ್ಮೆಯಾದರೂ ಬೆಳಗಿನ ಬಸ್ಸು ಹಿಡಿದು ಪೇಟೆಗೆ ಬಂದು, ತೋಳಿನಿಂದ ರಕ್ತ ಕೊಟ್ಟು, ಮಧ್ಯಾಹ್ನದವರೆಗೆ ಲ್ಯಾಬಿನ ಬಾಗಿಲಲ್ಲಿ ಕಾದು, ವರದಿಯನ್ನು ಹಿಡಿದು ಡಾಕ್ಟರರ ಮುಂದೆ ನಿಂತು, ‘ಈ ಸಲ ಐ.ಎನ್.ಆರ್. ಎಷ್ಟು ಬಂದಿದೆ?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ನಾಡಿನ ಎಷ್ಟೋ ಕುಟುಂಬಗಳಲ್ಲಿ ಬಾಳಿನ ಕ್ರಮವೇ ಆಗಿಹೋಗಿದೆ. ಈಗ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಯಂತ್ರವೊಂದು, ಬೆರಳ ತುದಿಯ ಒಂದೇ ಹನಿ ರಕ್ತದಿಂದ, ಒಂದು ನಿಮಿಷದಷ್ಟರೊಳಗೆ, ಮನೆಯ ಜಗಲಿಯ ಮೇಲೆಯೇ ಆ ಸಂಖ್ಯೆಯನ್ನು ಹೇಳಬಲ್ಲೆನೆಂದು ಮುಂದೆ ಬಂದಿದೆ. ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ನಂಬಬಹುದೆಂದಾಗಲಿ ನಂಬಬಾರದೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ರೋಗಿಗೆ ಹಿತವನ್ನು ಮಾಡಿದಂತಾಗುವುದಿಲ್ಲ. ಯಂತ್ರದ ವಿಶ್ವಾಸಾರ್ಹತೆಯೆಂಬುದು ಯಂತ್ರದ ಪೆಟ್ಟಿಗೆಯೊಳಗೆ ಮಾತ್ರ ಇರತಕ್ಕ ಗುಣವಲ್ಲ. ಅದು ತಯಾರಕನಿಂದ ಮೊದಲುಗೊಂಡು ರೋಗಿಯ ಬೆರಳಿನವರೆಗೆ, ಅಲ್ಲಿಂದ ವೈದ್ಯನ ವಿವೇಚನೆಯವರೆಗೆ ಹಬ್ಬಿರುವ ಒಂದು ವ್ಯವಸ್ಥೆಯ ಗುಣ. ಆ ವ್ಯವಸ್ಥೆಯಲ್ಲಿ ಪರಸ್ಪರ ಪರಿಶೀಲನೆಯ ಅಭ್ಯಾಸ ಎಲ್ಲಿ ಜೀವಂತವಾಗಿದೆಯೋ ಅಲ್ಲಿ ಯಂತ್ರವು ನಂಬಿಕೆಗೆ ಅರ್ಹ. ಎಲ್ಲಿ ಅದು ತಪ್ಪಿತೋ ಅಲ್ಲಿ ಅತ್ಯುತ್ತಮವಾದ ಯಂತ್ರವೂ ಅಪಾಯಕಾರಿ.

ದನಗಳ ರೋಗದಿಂದ ಮನುಷ್ಯರ ಮದ್ದು

ಯಂತ್ರದ ವಿಚಾರವನ್ನು ತಿಳಿಯುವ ಮುನ್ನ, ಅದು ಯಾವ ಔಷಧದ ಪ್ರಭಾವವನ್ನು ಅಳೆಯುತ್ತದೆಯೋ ಆ ಔಷಧದ ವೃತ್ತಾಂತವನ್ನು ಸ್ವಲ್ಪ ನೋಡಬೇಕು. 1920ರ ದಶಕದಲ್ಲಿ ಕೆನಡಾದಲ್ಲಿಯೂ ಅಮೆರಿಕದ ಉತ್ತರ ಡಕೋಟದಲ್ಲಿಯೂ ದನಕರುಗಳಿಗೆ ವಿಚಿತ್ರವಾದ ರೋಗವೊಂದು ತಗುಲಿತು. ಕೊಂಬು ಕತ್ತರಿಸಿದ, ಬೀಜ ಒಡೆದ ಸಣ್ಣ ಗಾಯಗಳಿಂದಲೇ ರಕ್ತ ನಿಲ್ಲದೆ ಹರಿದು ಹಸುಗಳೂ ಹೋರಿಗಳೂ ಸಾಯತೊಡಗಿದವು. ಒದ್ದೆಯಾಗಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವೇ ಇದಕ್ಕೆ ಕಾರಣವೆಂದು ಕೆನಡಾದ ಪಶುವೈದ್ಯ ವಿಜ್ಞಾನಿ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು. 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿ ಬೀಸುತ್ತಿದ್ದ ಒಂದು ಶನಿವಾರ, ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬ ಸತ್ತ ಕಡಸನ್ನೂ, ಹೆಪ್ಪುಗಟ್ಟದೆ ನೀರಿನಂತೆಯೇ ಉಳಿದಿದ್ದ ರಕ್ತವನ್ನು ತುಂಬಿದ ಹಾಲಿನ ಕ್ಯಾನನ್ನೂ, ಕೆಟ್ಟ ಮೇವಿನ ಹೊರೆಯನ್ನೂ ವಾಹನದಲ್ಲಿ ಹೇರಿಕೊಂಡು ಸುಮಾರು 300 ಕಿಲೋಮೀಟರು ದೂರದ ಮ್ಯಾಡಿಸನ್ ನಗರಕ್ಕೆ ಬಂದು, ವಿಶ್ವವಿದ್ಯಾಲಯದಲ್ಲಿ ಬಾಗಿಲು ತೆರೆದಿದ್ದ ಪ್ರಯೋಗಶಾಲೆಯನ್ನು ಹೊಕ್ಕನು. ಅದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆ. ಅಂದು ಮೊದಲಾದ ಶೋಧನೆ ಆರು ವರ್ಷಗಳ ಅನಂತರ, 1939ರಲ್ಲಿ, ಫಲಕ್ಕೆ ಬಂದು, ಆ ಮೇವಿನೊಳಗಿನ ಡೈಕೂಮರಾಲ್ ಎಂಬ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಲಾಯಿತು. ಅದೇ ಕುಟುಂಬದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಗಿ ಅಂಗೀಕೃತವಾಯಿತು. ಮಾರನೆಯ ವರ್ಷ ಹೃದಯಾಘಾತಕ್ಕೆ ಗುರಿಯಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೂ ಅದನ್ನು ಕೊಟ್ಟರು. ನಮ್ಮ ದೇಶದಲ್ಲಿ ವಾರ್ಫರಿನ್ನಿನಷ್ಟೇ, ಹಲವೆಡೆ ಅದಕ್ಕಿಂತ ಹೆಚ್ಚಾಗಿ, ಬಳಕೆಯಲ್ಲಿರುವ ಅಸಿನೋಕೂಮರಾಲ್ ಕೂಡ ಇದೇ ವಂಶದ್ದು. ‘ಅಸಿಟ್ರಾಂ ಮಾತ್ರೆ’ ಎಂದರೆ ಹೃದ್ರೋಗಿಗಳ ಮನೆಗಳಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಈ ಔಷಧಗಳು ರಕ್ತವನ್ನು ನೇರವಾಗಿ ‘ತೆಳ್ಳಗೆ’ ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ 2, 7, 9, 10 ಎಂಬ ಸಂಖ್ಯೆಗಳ ಅಂಶಗಳನ್ನು ಯಕೃತ್ತು ಸಿದ್ಧಪಡಿಸುವಾಗ ಅದಕ್ಕೆ ‘ಕೆ’ ಜೀವಸತ್ತ್ವದ ನೆರವು ಬೇಕು. ಆ ಜೀವಸತ್ತ್ವವು ಒಮ್ಮೆ ಬಳಕೆಯಾದ ಮೇಲೆ ಪುನಃ ಸಜ್ಜಾಗುವ ಕ್ರಿಯೆಯನ್ನು ಔಷಧವು ತಡೆಯುತ್ತದೆ. ಆದಕಾರಣ ಹೊಸ ಅಂಶಗಳ ಹುಟ್ಟುವಳಿ ಕುಗ್ಗುತ್ತದೆ. ಆದರೆ ರಕ್ತದಲ್ಲಿ ಆಗಲೇ ಇರುವ ಅಂಶಗಳು ತಮ್ಮ ತಮ್ಮ ಆಯುಷ್ಯ ತೀರಿದ ಹೊರತು ಹೋಗುವುದಿಲ್ಲ. ಏಳನೆಯ ಅಂಶ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿದರೆ ಎರಡನೆಯದು ಹಾಗೆ ಇಳಿಯಲು ಎರಡು ಮೂರು ದಿನ ಹಿಡಿಯುತ್ತದೆ. ಇಂದು ನುಂಗಿದ ಮಾತ್ರೆಯ ಪೂರ್ಣಪ್ರಭಾವ ಕಾಣುವುದು ಇನ್ನು ಕೆಲವು ದಿನಗಳ ಮೇಲೆ ಎಂಬುದನ್ನೂ, ಇಂದು ಯಂತ್ರ ತೋರಿಸುವ ಸಂಖ್ಯೆ ಕಳೆದ ಹಲವು ದಿನಗಳ ಸೇವನೆಯ ಫಲವೆಂಬುದನ್ನೂ ಮರೆತು, ಸಂಖ್ಯೆಯನ್ನು ಕಂಡೊಡನೆಯೇ ಮಾತ್ರೆಯನ್ನು ಏರಿಸಿ ಇಳಿಸುವವರು ಯಂತ್ರ ಸರಿಯಾಗಿದ್ದಾಗಲೂ ಅಪಾಯವನ್ನು ಬರಮಾಡಿಕೊಳ್ಳುತ್ತಾರೆ.

ಔಷಧದ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಹುಟ್ಟಿನಿಂದ ಬಂದ ಜೀನುಗಳ ಭೇದ, ನಡುವೆ ಸೇವಿಸಿದ ಆ್ಯಂಟಿಬಯಾಟಿಕ್, ಜ್ವರ, ಭೇದಿ, ಮದ್ಯ, ಊಟದ ಬದಲಾವಣೆ ಎಲ್ಲವೂ ಸಂಖ್ಯೆಯನ್ನು ಅಲುಗಿಸುತ್ತವೆ. ‘ಕೆ’ ಜೀವಸತ್ತ್ವ ಹಸುರು ಸೊಪ್ಪುಗಳಲ್ಲಿ ಸಮೃದ್ಧವಾಗಿರುವುದರಿಂದ, ಮಳೆಗಾಲದಲ್ಲಿ ವಾರವಿಡೀ ನುಗ್ಗೆಸೊಪ್ಪಿನ ಬಸ್ಸಾರನ್ನೋ ಪಾಲಕ್ಕಿನ ಹುಳಿಯನ್ನೋ ಉಂಡು, ಬೇಸಗೆಯಲ್ಲಿ ಸೊಪ್ಪೇ ಕಾಣದೆ ಇರುವ ಮನೆಯವರ ಐ.ಎನ್.ಆರ್. ಋತುವಿನೊಂದಿಗೆ ಏರಿಳಿಯುವುದು ಆಶ್ಚರ್ಯವಲ್ಲ. ಸೊಪ್ಪನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ, ದಿನದಿನದ ಪ್ರಮಾಣ ಹೆಚ್ಚುಕಡಮೆ ಒಂದೇ ಸಮನಾಗಿರಬೇಕೆಂಬುದೇ ವೈದ್ಯರ ಉಪದೇಶ. ಇಷ್ಟು ಚಂಚಲವಾದ ವಸ್ತುವನ್ನು ಪದೇ ಪದೇ ಅಳೆಯದೆ ವಿಧಿಯಿಲ್ಲ. ಮನೆಯ ಮಾಪಕ ಹುಟ್ಟಿದ್ದೂ ಈ ಅಗತ್ಯದಿಂದಲೇ.

ಅಳತೆಗೋಲನ್ನು ಅಳೆದ ಬಗೆ

ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಪ್ರೋಥ್ರಾಂಬಿನ್ ಟೈಮ್ ಎಂಬ ಪರೀಕ್ಷೆಯನ್ನು ಅಮೆರಿಕದ ಆರ್ಮಂಡ್ ಕ್ವಿಕ್ 1935ರಲ್ಲಿ ಪ್ರಕಟಿಸಿದರು. ತೋಳಿನಿಂದ ತೆಗೆದ ರಕ್ತವನ್ನು ಸಿಟ್ರೇಟ್ ಇರುವ ಕೊಳವೆಯಲ್ಲಿ ಹಾಕಿ ಹೆಪ್ಪುಗಟ್ಟದಂತೆ ತಡೆದು, ಕಣಗಳನ್ನು ಬೇರ್ಪಡಿಸಿ, ಉಳಿದ ದ್ರವಕ್ಕೆ ಥ್ರಾಂಬೊಪ್ಲಾಸ್ಟಿನ್ ಎಂಬ ಪ್ರೇರಕವನ್ನೂ ಸುಣ್ಣದ ಅಂಶವನ್ನೂ ಸೇರಿಸಿ, ಎಷ್ಟು ಸೆಕೆಂಡುಗಳಲ್ಲಿ ಹೆಪ್ಪುಗಟ್ಟಿತೆಂದು ಎಣಿಸುವುದೇ ಇದರ ಕ್ರಮ. ಆದರೆ ಥ್ರಾಂಬೊಪ್ಲಾಸ್ಟಿನ್ನನ್ನು ಒಬ್ಬರು ಮೊಲದ ಮಿದುಳಿನಿಂದಲೂ ಇನ್ನೊಬ್ಬರು ಮನುಷ್ಯನ ಮಿದುಳಿನಿಂದಲೂ ತಯಾರಿಸುತ್ತಿದ್ದರು. ಒಂದರ ಚುರುಕು ಇನ್ನೊಂದಕ್ಕಿರಲಿಲ್ಲ. ಸೇರು ಕೊಳಗಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದ ಕಾಲದಲ್ಲಿ ಒಂದು ಸಂತೆಯ ಲೆಕ್ಕ ಇನ್ನೊಂದು ಸಂತೆಯಲ್ಲಿ ನಡೆಯದಿದ್ದ ಹಾಗೆ, ಒಂದು ಊರಿನ ಪ್ರಯೋಗಶಾಲೆಯ ಸೆಕೆಂಡುಗಳು ಇನ್ನೊಂದು ಊರಿನಲ್ಲಿ ಅರ್ಥವನ್ನು ಕಳೆದುಕೊಳ್ಳುತ್ತಿದ್ದವು. ಇದರ ಪರಿಣಾಮವು ಕೇವಲ ಲೆಕ್ಕದ್ದಾಗಿರಲಿಲ್ಲ: ಮಂದವಾದ ಪ್ರೇರಕವನ್ನು ಬಳಸುತ್ತಿದ್ದ ಅಮೆರಿಕದಲ್ಲಿ, ಬ್ರಿಟನ್ನಿಗೆ ಹೋಲಿಸಿದರೆ, ರೋಗಿಗಳಿಗೆ ಹೆಚ್ಚು ಪ್ರಮಾಣದ ಔಷಧ ಸಲ್ಲುತ್ತಿತ್ತು.

ಇದನ್ನು ಸರಿಪಡಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆಯು 1983ರಲ್ಲಿ ಐ.ಎನ್.ಆರ್. ಪದ್ಧತಿಯನ್ನು ಅಂಗೀಕರಿಸಿತು. ಪ್ರತಿಯೊಂದು ಪ್ರೇರಕವನ್ನೂ ಒಂದು ಅಂತರರಾಷ್ಟ್ರೀಯ ಮಾದರಿಯೊಡನೆ ಹೋಲಿಸಿ ಅದರ ಚುರುಕನ್ನು ಸೂಚಿಸುವ ಐ.ಎಸ್.ಐ. ಎಂಬ ಅಂಕಿಯನ್ನು ನಿರ್ಧರಿಸುವುದು. ರೋಗಿಯ ಸೆಕೆಂಡುಗಳನ್ನು ಆರೋಗ್ಯವಂತರ ಸರಾಸರಿ ಸೆಕೆಂಡುಗಳಿಂದ ಭಾಗಿಸಿ ಬಂದ ಲಬ್ಧವನ್ನು ಆ ಅಂಕಿಯ ಘಾತಕ್ಕೆ ಏರಿಸುವುದು. ರೋಗಿಯದು 24 ಸೆಕೆಂಡು, ಆರೋಗ್ಯವಂತರದು 12 ಸೆಕೆಂಡು ಎಂದಿಟ್ಟುಕೊಂಡರೆ ಲಬ್ಧ 2. ಪ್ರೇರಕದ ಐ.ಎಸ್.ಐ. 1 ಆಗಿದ್ದರೆ ಐ.ಎನ್.ಆರ್. 2, ಐ.ಎಸ್.ಐ. 2 ಆಗಿದ್ದರೆ ಅದೇ ಸೆಕೆಂಡುಗಳಿಗೆ ಐ.ಎನ್.ಆರ್. 4. ಮೊದಲನೆಯದು ಕ್ಷೇಮ, ಎರಡನೆಯದು ಅಪಾಯ. ಪ್ರಯೋಗಶಾಲೆಯಲ್ಲಿ ಹೊಸ ಪ್ರೇರಕದ ಬಾಟಲಿಯನ್ನು ತೆರೆದವರು ಅದರ ಮೇಲಿನ ಐ.ಎಸ್.ಐ. ಅಂಕಿಯನ್ನು ಉಪಕರಣದಲ್ಲಿ ತಿದ್ದಲು ಮರೆತರೆ ಅಲ್ಲಿಯ ವರದಿಯೂ ತಪ್ಪುತ್ತದೆ. ಆದುದರಿಂದ ಮನೆಯ ಯಂತ್ರವನ್ನು ಲ್ಯಾಬಿನೊಡನೆ ಹೋಲಿಸುವಾಗ ಲ್ಯಾಬು ನಿರ್ದುಷ್ಟವೆಂದು ಭಾವಿಸಲಾಗದು. ಒಪ್ಪಂದದ ಮೇಲೆ ನಿಂತ ಈ ಸಂಖ್ಯೆಯ ವಿಷಯದಲ್ಲಿ ಒಪ್ಪಂದವನ್ನು ಎರಡು ಕಡೆಯವರೂ ಪಾಲಿಸಬೇಕಾಗುತ್ತದೆ.

ಬೆರಳಿನಿಂದ ಪರದೆಯವರೆಗೆ

ಮನೆಯ ಯಂತ್ರ ಸೆಕೆಂಡುಗಳನ್ನು ಎಣಿಸುವ ರೀತಿಯೇ ಬೇರೆ. ಇಲ್ಲಿ ಸಿಟ್ರೇಟಿಲ್ಲ, ಕಣಗಳನ್ನು ಬೇರ್ಪಡಿಸುವುದಿಲ್ಲ. ಹಸಿರಕ್ತವನ್ನೇ ಸ್ಟ್ರಿಪ್ಪು ಎಂಬ ಪರೀಕ್ಷಾಪಟ್ಟಿಗೆ ಮುಟ್ಟಿಸಬೇಕು. ಕೋಆಗ್ಯುಚೆಕ್ ಎಕ್ಸ್ಎಸ್ ಎಂಬ ಪ್ರಸಿದ್ಧ ಯಂತ್ರದ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒರಸಿಕೊಂಡು, ಯಂತ್ರದೊಳಗೆ ಸ್ಟ್ರಿಪ್ಪನ್ನು ಸೇರಿಸಿ, ಅದು ಕಾದು ಸಿದ್ಧವಾದ ಮೇಲೆ ಬೆರಳಿನ ತುದಿಯ ಪಕ್ಕದಲ್ಲಿ ಸೂಜಿ ಚುಚ್ಚಿ, ತಾನಾಗಿ ಮೂಡಿದ ತುಂಬುಹನಿಯನ್ನು 15 ಸೆಕೆಂಡುಗಳೊಳಗೆ ಸ್ಟ್ರಿಪ್ಪಿನ ಅಂಚಿಗೆ ಮುಟ್ಟಿಸಬೇಕು. ಬೇಕಾದ ರಕ್ತ 8 ಮೈಕ್ರೋಲೀಟರು ಮಾತ್ರ. ಅದನ್ನು ಸ್ಟ್ರಿಪ್ಪು ತಾನೇ ಹೀರಿಕೊಳ್ಳುತ್ತದೆ. ಅದರೊಳಗೆ ಒಣಗಿಸಿ ಲೇಪಿಸಿದ ಪ್ರೇರಕವು ರಕ್ತದ ಅಂಶಗಳನ್ನು ಒಂದರ ಹಿಂದೆ ಒಂದಾಗಿ ಎಚ್ಚರಿಸಿ, ಕೊನೆಗೆ ಹುಟ್ಟಿದ ಥ್ರಾಂಬಿನ್ ಅಲ್ಲಿಯೇ ಇರಿಸಿದ ಮತ್ತೊಂದು ವಸ್ತುವನ್ನು ಸೀಳಿದಾಗ ಸೂಕ್ಷ್ಮವಾದ ವಿದ್ಯುತ್ಸಂಕೇತ ಏಳುತ್ತದೆ. ಆ ಸಂಕೇತ ಏಳಲು ಹಿಡಿದ ಕಾಲವನ್ನೇ ಯಂತ್ರವು ತನ್ನ ಸೂತ್ರದ ಪ್ರಕಾರ ಐ.ಎನ್.ಆರ್. ಆಗಿ ಪರಿವರ್ತಿಸಿ ಪರದೆಯ ಮೇಲೆ ತೋರಿಸುತ್ತದೆ. ಸ್ಟ್ರಿಪ್ಪು ಶಾಖದಿಂದಲೋ ತೇವದಿಂದಲೋ ಕೆಟ್ಟಿದ್ದರೆ ಅದನ್ನು ಪತ್ತೆಮಾಡುವ ಏರ್ಪಾಟು ಸ್ಟ್ರಿಪ್ಪಿನಲ್ಲಿಯೇ ಇದೆ.

ಹೀಗೆ ಕಾಲವನ್ನು ಸಂಖ್ಯೆಯಾಗಿ ಮಾರ್ಪಡಿಸುವ ದಾರಿಯಲ್ಲಿ ದೋಷಕ್ಕೆ ಎಡೆಕೊಡುವ ಜಾಗಗಳು ಹಲವು. ರಕ್ತ ಬಾರದೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆಯುತ್ತದೆ. ತಡಮಾಡಿದರೆ ಹನಿ ಬೆರಳಿನ ಮೇಲೆಯೇ ಹೆಪ್ಪುಗಟ್ಟತೊಡಗುತ್ತದೆ. ಕೈ ಒದ್ದೆಯಿದ್ದರೆ ರಕ್ತ ನೀರಾಗುತ್ತದೆ. ಹನಿ ಸಾಲದೆಂದು ಅದೇ ಸ್ಟ್ರಿಪ್ಪಿಗೆ ಮತ್ತೊಂದು ಹನಿಯನ್ನು ಸೇರಿಸುವುದು ಸರ್ವಥಾ ಕೂಡದು. ಇವು ಅಭ್ಯಾಸದಿಂದ ತಿದ್ದಿಕೊಳ್ಳತಕ್ಕ ದೋಷಗಳು. ರೋಗಿಯ ರಕ್ತದಲ್ಲಿಯೇ ಇರುವ ಕಾರಣಗಳು ಇವುಗಳಿಗಿಂತ ಗಹನವಾದವು. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡ 25ರಿಂದ 55ರೊಳಗೆ ಇದ್ದರೆ ಮಾತ್ರ ಆ ಯಂತ್ರದ ಫಲಿತಾಂಶಕ್ಕೆ ತಯಾರಕರ ಭರವಸೆಯುಂಟು. ತೀವ್ರವಾದ ರಕ್ತಹೀನತೆಯುಳ್ಳವರು ಆ ಮೇರೆಯ ಹೊರಗೆ ಬೀಳುತ್ತಾರೆ. ಲೂಪಸ್ ಮೊದಲಾದ ರೋಗಗಳಲ್ಲಿ ಕಾಣಿಸಿಕೊಳ್ಳುವ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿದ್ದರೆ ಯಂತ್ರವು ನಿಜಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ತೋರಿಸಬಹುದು; ಅಂಥವರಲ್ಲಿ ಗರಣೆ ಕಟ್ಟುವ ಸ್ವಭಾವವೇ ಪ್ರಬಲವಾದುದರಿಂದ, ಸುಳ್ಳು ಏರಿಕೆಯನ್ನು ನಂಬಿ ಔಷಧವನ್ನು ಇಳಿಸುವುದು ಘಾತುಕವಾದೀತು.

ಇವೆಲ್ಲ ಸರಿಯಾಗಿದ್ದಾಗಲೂ ಯಂತ್ರದ ಸಂಖ್ಯೆಯೂ ಲ್ಯಾಬಿನ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕೆಂದು ನಿರೀಕ್ಷಿಸಬಾರದು. ಸ್ವಯಂಪರೀಕ್ಷೆಯ ಯಂತ್ರಗಳಿಗೆ 2007ರಲ್ಲಿ ಗೊತ್ತುಪಡಿಸಿದ ಐ.ಎಸ್.ಒ. 17593 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಐ.ಎನ್.ಆರ್. 2ಕ್ಕಿಂತ ಕೆಳಗಿರುವಾಗ ಶೇಕಡ 90ರಷ್ಟು ಫಲಿತಾಂಶಗಳು ಲ್ಯಾಬಿನ ಫಲಿತಾಂಶದಿಂದ 0.5ರೊಳಗಿರಬೇಕು, 2ರಿಂದ 4.5ರವರೆಗೆ ಶೇಕಡ 30ರೊಳಗಿರಬೇಕು. ಲ್ಯಾಬಿನಲ್ಲಿ 2.5 ಬಂದವರಿಗೆ ಯಂತ್ರ 1.75 ತೋರಿಸಿದರೂ 3.25 ತೋರಿಸಿದರೂ ಮಾನದಂಡದ ದೃಷ್ಟಿಯಲ್ಲಿ ಅದು ಉತ್ತೀರ್ಣವೇ. ವೈದ್ಯರು ಸಾಮಾನ್ಯವಾಗಿ ಇದಕ್ಕಿಂತ ಬಿಗಿಯಾಗಿ, ಚಿಕಿತ್ಸೆಯ ಮೇರೆಯೊಳಗೆ 0.5ರಷ್ಟು ಅಂತರವನ್ನು ಮಾತ್ರ ಒಪ್ಪುತ್ತಾರೆ. ಸಂಖ್ಯೆ ಮೇಲೇರಿದಂತೆಲ್ಲ ಅಂತರವೂ ಹಿಗ್ಗುವುದು ಈ ಯಂತ್ರಗಳ ಸಾಮಾನ್ಯ ಲಕ್ಷಣ. ಆದಕಾರಣ 4ನ್ನು ದಾಟಿದ ಮೇಲೆ ಯಂತ್ರದ ಮಾತು ಎಚ್ಚರಿಕೆಯ ಗಂಟೆಯೇ ಹೊರತು ಅಂತಿಮ ನಿರ್ಣಯವಲ್ಲ. ಅಲ್ಲಿ ತೋಳಿನ ರಕ್ತವನ್ನು ಕೊಟ್ಟು ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳುವುದೇ ವಿವೇಕ.

ಎರಡು ಪ್ರಕರಣಗಳ ಪಾಠ

ಯಂತ್ರಗಳನ್ನು ಕುರಿತ ವಿಶ್ವಾಸ ಎಲ್ಲಿ ಕುಸಿಯುತ್ತದೆಂಬುದನ್ನು ಇತ್ತೀಚಿನ ಎರಡು ಪ್ರಕರಣಗಳು ತಿಳಿಸಿಕೊಡುತ್ತವೆ. ಮೊದಲನೆಯದು ಐಎನ್‌ರೇಶಿಯೊ ಎಂಬ ಯಂತ್ರದ್ದು. ಹೀಮೋಸೆನ್ಸ್ ಎಂಬ ಕಂಪನಿ ತಯಾರಿಸಿ, ಮುಂದೆ ಅಲೇರ್ ಕಂಪನಿಯ ವಶಕ್ಕೆ ಬಂದ ಈ ಯಂತ್ರವು ರಕ್ತ ಹೆಪ್ಪುಗಟ್ಟುವಾಗ ವಿದ್ಯುತ್ತಿಗೆ ಒಡ್ಡುವ ತಡೆಯಲ್ಲಾಗುವ ಬದಲಾವಣೆಯನ್ನು ಗುರುತಿಸುತ್ತಿತ್ತು. ಕೆಲವು ರೋಗಿಗಳಲ್ಲಿ, ವಿಶೇಷವಾಗಿ ರಕ್ತಹೀನತೆಯುಳ್ಳವರಲ್ಲಿಯೂ ರಕ್ತದಲ್ಲಿ ಫೈಬ್ರಿನೊಜೆನ್ ಏರಿದ್ದವರಲ್ಲಿಯೂ, ಅದು ಲ್ಯಾಬಿಗಿಂತ ಬಹಳ ಕಡಮೆಯ ಸಂಖ್ಯೆಯನ್ನು ತೋರಿಸಬಹುದೆಂದು 2014ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಟಿತು. 2016ರಲ್ಲಿ ಯಂತ್ರವನ್ನೇ ಮಾರುಕಟ್ಟೆಯಿಂದ ಹಿಂತೆಗೆದರು. ಕಡಮೆ ತೋರಿಸುವ ಯಂತ್ರದ ಅಪಾಯವೆಂದರೆ, ಅದನ್ನು ನಂಬಿದ ವೈದ್ಯನು ಆಗಲೇ ಸಾಕಷ್ಟು ಔಷಧ ಸೇವಿಸಿದವನಿಗೆ ಮತ್ತಷ್ಟನ್ನು ಕೊಟ್ಟು ರಕ್ತಸ್ರಾವಕ್ಕೆ ದಾರಿಮಾಡುತ್ತಾನೆ.

ಈ ಪ್ರಕರಣದ ನೆರಳು ಮನೆಗಳನ್ನು ದಾಟಿ ವೈದ್ಯಶಾಸ್ತ್ರದ ಸಾಕ್ಷ್ಯಭಂಡಾರದ ಮೇಲೂ ಬಿದ್ದಿತು. ರಿವರಾಕ್ಸಬಾನ್ ಎಂಬ ಹೊಸ ಔಷಧವನ್ನು ವಾರ್ಫರಿನ್ನಿನೊಡನೆ ಹೋಲಿಸಲು 45 ದೇಶಗಳ 14,264 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ರಾಕೆಟ್ ಎಎಫ್ ಎಂಬ ಅಧ್ಯಯನದಲ್ಲಿ ಐ.ಎನ್.ಆರ್. ಅಳೆಯಲು ಬಳಸಿದ್ದು ಇದೇ ಯಂತ್ರವನ್ನು. ಯಂತ್ರ ಸುಳ್ಳು ಹೇಳಿದ್ದರೆ ವಾರ್ಫರಿನ್ ಸೇವಿಸಿದವರಿಗೆ ಅನ್ಯಾಯವಾಗಿ, ಹೊಸ ಔಷಧವು ಇರುವುದಕ್ಕಿಂತ ಸುರಕ್ಷಿತವಾಗಿ ಕಂಡಿರಬಹುದಲ್ಲವೆ ಎಂಬ ಪ್ರಶ್ನೆ ಎದ್ದಿತು. ಯೂರೋಪಿನ ಮತ್ತು ಅಮೆರಿಕದ ಔಷಧ ನಿಯಂತ್ರಕರು ಅಂಕಿ-ಅಂಶಗಳನ್ನು ಮರುಪರಿಶೀಲಿಸಿ, ಅಧ್ಯಯನದ ಮುಖ್ಯ ನಿರ್ಣಯ ಬದಲಾಗುವಷ್ಟು ಪರಿಣಾಮ ಉಂಟಾಗಿಲ್ಲವೆಂದು 2016ರಲ್ಲಿ ತೀರ್ಮಾನಿಸಿದರು. ನಿರ್ಣಯ ಉಳಿಯಿತು, ಆದರೆ ಅಳತೆಯ ಸಾಧನವನ್ನು ಮೊದಲೇ ಸಾಕಷ್ಟು ಪರೀಕ್ಷಿಸದಿದ್ದರೆ ಎಷ್ಟು ದೊಡ್ಡ ಕಟ್ಟಡದ ಅಡಿಪಾಯ ಅಲುಗಾಡಬಹುದೆಂಬುದೂ ಜಗತ್ತಿಗೆ ತಿಳಿಯಿತು.

ಎರಡನೆಯ ಪ್ರಕರಣ ಇದಕ್ಕೆ ತದ್ವಿರುದ್ಧ. ರೋಶ್ ಕಂಪನಿಯು ತನ್ನ ಕೋಆಗ್ಯುಚೆಕ್ ಎಕ್ಸ್ಎಸ್ ಸ್ಟ್ರಿಪ್ಪುಗಳನ್ನು ಹೊಂದಿಸಲು ಅದುವರೆಗೆ ಅನುಸರಿಸುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯನ್ನು ಬಿಟ್ಟು ಅದೇ ಸಂಸ್ಥೆಯ ಹೊಸ ಮಾದರಿಯನ್ನು ಅನುಸರಿಸಿತು. ಉದ್ದೇಶ ಒಳ್ಳೆಯದೇ; ಆದರೆ ಹೊಸ ಸ್ಟ್ರಿಪ್ಪುಗಳು, ವಿಶೇಷವಾಗಿ 4.5ಕ್ಕೆ ಮೇಲ್ಪಟ್ಟ ಫಲಿತಾಂಶಗಳಲ್ಲಿ, ಲ್ಯಾಬಿಗಿಂತ ಹೆಚ್ಚಿನ ಸಂಖ್ಯೆಯನ್ನು ತೋರಿಸತೊಡಗಿದವು. 2018ರಲ್ಲಿ ಅಮೆರಿಕದಲ್ಲಿ ಹಂಚಿಕೆಯಾಗಿದ್ದ 11 ಲಕ್ಷಕ್ಕೂ ಹೆಚ್ಚಿನ ಪೊಟ್ಟಣಗಳನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದಿತು. ಅಲ್ಲಿಯ ನಿಯಂತ್ರಣ ಸಂಸ್ಥೆಯು ಈ ಹಿಂತೆಗೆತವನ್ನು ಅತ್ಯಂತ ಗಂಭೀರವಾದ ವರ್ಗಕ್ಕೆ ಸೇರಿಸಿ, ತನಗೆ ಬಂದ ಸುಮಾರು 90 ದೂರುಗಳನ್ನೂ, ಪಾರ್ಶ್ವವಾಯುವಿಗೆ ತುತ್ತಾದ ಇಬ್ಬರು ರೋಗಿಗಳ ವರದಿಯನ್ನೂ ಪ್ರಕಟಿಸಿತು. ಹೆಚ್ಚು ತೋರಿಸುವ ಯಂತ್ರವನ್ನು ನಂಬಿದವರು ಬೇಕಾದ ಔಷಧವನ್ನೂ ಕಡಿತಗೊಳಿಸಿಕೊಂಡು ಗರಣೆಯ ಬಾಯಿಗೆ ಬೀಳುತ್ತಾರೆ.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ, ರೋಗಿಯ ಬೆರಳು ತಪ್ಪಿರಲಿಲ್ಲ. ತಪ್ಪಿದ್ದು ಸ್ಟ್ರಿಪ್ಪಿನ ಹಿಂದಿನ ಹೋಲಿಕೆ. ವರ್ಷಗಟ್ಟಲೆ ನಂಬಿಕೆಗೆ ಪಾತ್ರವಾಗಿದ್ದ ಯಂತ್ರದ ಮಾತು ಒಂದು ಹೊಸ ಪೊಟ್ಟಣದೊಂದಿಗೆ ಬದಲಾಗಬಹುದು, ಮತ್ತು ಆ ಬದಲಾವಣೆಯನ್ನು ಪರದೆಯ ಮೇಲೆ ಯಾವ ಚಿಹ್ನೆಯೂ ಸೂಚಿಸುವುದಿಲ್ಲ. ಅದನ್ನು ಹೊರಗೆಡಹಿದ್ದು ಲ್ಯಾಬಿನ ಸಂಖ್ಯೆಯೊಡನೆ ಇಟ್ಟು ನೋಡಿದ ಹೋಲಿಕೆಯೊಂದೇ.

ಯಾರಿಗೆ ಒಳಿತಾಗಿದೆ

ಇಷ್ಟನ್ನು ಓದಿದವರು ಯಂತ್ರವನ್ನು ದೂರವಿಡುವುದೇ ಲೇಸೆಂದು ತಿಳಿದರೆ ಅದು ಅವಸರದ ತೀರ್ಮಾನವಾದೀತು. ಜರ್ಮನಿಯಲ್ಲಿ 1980ರ ದಶಕದಿಂದಲೇ ಕವಾಟದ ರೋಗಿಗಳಿಗೆ ತರಬೇತಿಯಿತ್ತು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಪದ್ಧತಿ ಬೆಳೆದುಬಂದಿದೆ. ಹನ್ನೊಂದು ಅಧ್ಯಯನಗಳ 6,417 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸ್ವಯಂಪರೀಕ್ಷೆ ಮಾಡಿಕೊಂಡವರಲ್ಲಿ ಗರಣೆಯಿಂದಾಗುವ ಅನಾಹುತಗಳು ಅರ್ಧದಷ್ಟು ಇಳಿದಿದ್ದವು. ದೊಡ್ಡ ರಕ್ತಸ್ರಾವದಲ್ಲಿಯೂ ಮರಣದಲ್ಲಿಯೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 55 ವರ್ಷದೊಳಗಿನವರಿಗೂ ಲೋಹದ ಕವಾಟವುಳ್ಳವರಿಗೂ ಆದ ಲಾಭ ವಿಶೇಷವಾಗಿತ್ತು. ಇದಕ್ಕೆ ಎರಡು ವರ್ಷ ಮುಂಚೆ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ 2,922 ಮಂದಿಯ ಮೇಲೆ ನಡೆದ ಅಧ್ಯಯನವು, ವಾರಕ್ಕೊಮ್ಮೆ ಮನೆಯಲ್ಲಿ ಪರೀಕ್ಷಿಸಿಕೊಂಡವರಿಗೂ ತಿಂಗಳಿಗೊಮ್ಮೆ ಒಳ್ಳೆಯ ಚಿಕಿತ್ಸಾಲಯದಲ್ಲಿ ಪರೀಕ್ಷಿಸಿಕೊಂಡವರಿಗೂ ಪಾರ್ಶ್ವವಾಯು, ರಕ್ತಸ್ರಾವ, ಮರಣಗಳಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲವೆಂದು ತೋರಿಸಿತ್ತು.

ಈ ಎರಡು ಫಲಿತಾಂಶಗಳು ಒಂದಕ್ಕೊಂದು ವಿರೋಧವಾಗಿ ಕಂಡರೂ ವಿವೇಚಿಸಿದರೆ ಅವುಗಳಿಂದ ದೊರೆಯುವ ಬೋಧೆ ಒಂದೇ. ಯಂತ್ರವನ್ನು ಕೈಗೆ ಕೊಟ್ಟದ್ದು ತರಬೇತಿ ಪಡೆದು, ತಾವು ಅದನ್ನು ಸರಿಯಾಗಿ ಬಳಸಬಲ್ಲೆವೆಂದು ತೋರಿಸಿಕೊಟ್ಟವರಿಗೆ; ಅವರ ಸಂಖ್ಯೆಗಳನ್ನು ನೋಡಿ ಸಲಹೆ ಕೊಡುವವರು ಹಿಂದೆ ಇದ್ದರು. ಒಳ್ಳೆಯ ಚಿಕಿತ್ಸಾಲಯ ಹತ್ತಿರವಿರುವಲ್ಲಿ ಯಂತ್ರದಿಂದಾಗುವ ಹೆಚ್ಚಿನ ಲಾಭ ಅಲ್ಪ. ಅದು ದೂರವಿರುವಲ್ಲಿ, ತಿಂಗಳ ಪರೀಕ್ಷೆಯೂ ತಪ್ಪಿಹೋಗುವಲ್ಲಿ, ಲಾಭ ಹೆಚ್ಚಾಗಬಹುದೆಂದು ಊಹಿಸಲು ಕಾರಣವಿದೆ.

ನಮ್ಮ ನಾಡಿನ ಸ್ಥಿತಿ

ಹೊಸ ಔಷಧಗಳು ಬಂದಿರುವಾಗ ಐ.ಎನ್.ಆರ್. ಅಳೆಯುವ ಕಾಲವೇ ಮುಗಿಯಿತಲ್ಲವೆ ಎಂದು ಕೇಳುವವರುಂಟು. ಕೆಲವು ರೋಗಿಗಳ ಮಟ್ಟಿಗೆ ಅದು ನಿಜ. ಆದರೆ ಲೋಹದ ಕವಾಟದವರಿಗಲ್ಲ. ಡಬಿಗಟ್ರಾನ್ ಎಂಬ ಹೊಸ ಔಷಧವನ್ನು ಅಂಥವರಿಗೆ ಕೊಟ್ಟು ನೋಡಿದ ಅಧ್ಯಯನವನ್ನು, ಗರಣೆಯೂ ರಕ್ತಸ್ರಾವವೂ ಹೆಚ್ಚಿದುದರಿಂದ, ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂದಿತು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಹೃದಯದ ಬಡಿತ ಲಯ ತಪ್ಪಿದವರ ಮೇಲೆ ಭಾರತವೂ ಸೇರಿ 24 ದೇಶಗಳಲ್ಲಿ ನಡೆದ ಇನ್ವಿಕ್ಟಸ್ ಅಧ್ಯಯನವೂ 2022ರಲ್ಲಿ, ರಿವರಾಕ್ಸಬಾನ್‌ಗಿಂತ ಹಳೆಯ ಔಷಧವೇ ಮೇಲೆಂದು ಸಾರಿತು. ರುಮ್ಯಾಟಿಕ್ ಹೃದ್ರೋಗ ಬಡವರ ರೋಗ. ಎಳೆಯ ವಯಸ್ಸಿನವರನ್ನು, ಅದರಲ್ಲಿಯೂ ತಾಯಂದಿರಾಗುವ ಪ್ರಾಯದ ಹೆಣ್ಣುಮಕ್ಕಳನ್ನು ಹಿಡಿಯುವ ರೋಗ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದ ಡಾ. ಎಂ.ಎಸ್. ವಲಿಯತ್ತಾನರ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡು, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಮನುಷ್ಯನ ಹೃದಯದಲ್ಲಿ ನೆಲೆಗೊಂಡ ದೇಶೀಯ ಚಿತ್ರಾ ಕವಾಟವು ಕಡಮೆ ಬೆಲೆಯಲ್ಲಿ ಇಂಥ ಅಸಂಖ್ಯಾತರನ್ನು ಬದುಕಿಸಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳ ಜಯದೇವ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳು ಹಳ್ಳಿಯ ಬಡವರಿಗೂ ಶಸ್ತ್ರಚಿಕಿತ್ಸೆಯನ್ನು ಎಟುಕಿಸಿವೆ. ಶಸ್ತ್ರಚಿಕಿತ್ಸೆ ಒಂದು ದಿನದ್ದು, ಐ.ಎನ್.ಆರ್. ನೋಡಿಕೊಳ್ಳುವುದು ಉಳಿದ ಆಯುಷ್ಯದ್ದು.

ಇಂಥ ನಾಡಿನಲ್ಲಿ ಮನೆಯ ಯಂತ್ರವನ್ನು ಬಳಸುವಾಗ ಪಾಶ್ಚಾತ್ಯ ಅಧ್ಯಯನಗಳು ಎದುರಿಸದ ಎರಡು ಸಂಗತಿಗಳನ್ನು ನೆನೆಯಬೇಕು. ಸ್ಟ್ರಿಪ್ಪುಗಳನ್ನು 2ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದೊಳಗೆ ಇರಿಸಬೇಕೆಂಬುದು ತಯಾರಕರ ನಿಯಮ. ರಾಯಚೂರು, ಕಲಬುರಗಿಗಳ ಬೇಸಗೆ 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಔಷಧದಂಗಡಿಯಿಂದ ಮನೆಗೆ ತರುವ ದಾರಿಯಲ್ಲಿಯೇ ಪೊಟ್ಟಣ ಬಿಸಿಲುಂಡರೆ ಯಂತ್ರದ ಆಂತರಿಕ ಪರಿಶೀಲನೆಯೊಂದನ್ನೇ ನೆಚ್ಚಬೇಕಾಗುತ್ತದೆ. ಎರಡನೆಯದು ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದು ಸೌಮ್ಯವಾಗಿದ್ದರೆ ಯಂತ್ರಕ್ಕೆ ಬಾಧಕವಿಲ್ಲ. ಹಿಮೋಗ್ಲೋಬಿನ್ 8ರ ಆಸುಪಾಸಿಗೆ ಇಳಿದವರಲ್ಲಿ ಮಾತ್ರ ಕೆಂಪುಕಣಗಳ ಪಾಲು ಯಂತ್ರದ ಮೇರೆಯ ಅಂಚಿಗೆ ಬರುತ್ತದೆ. ಯಂತ್ರವನ್ನು ಕೊಳ್ಳುವ ಮುನ್ನ ಹಿಮೋಗ್ಲೋಬಿನ್ನನ್ನು ಪರೀಕ್ಷಿಸಿಕೊಳ್ಳಿ ಎಂದು ಹೇಳುವವರು ಇಲ್ಲದಿದ್ದರೆ ಆ ಯಂತ್ರದ ಮಾರಾಟವೇ ಅಪೂರ್ಣವಾದ ಕಾರ್ಯ.

ಪರಿಶೀಲನೆಯ ಶಿಸ್ತು

ಹಾಗಾದರೆ ಯಂತ್ರವನ್ನು ಕೊಂಡವರು ಮಾಡತಕ್ಕದ್ದೇನು? ಮೊದಲ ದಿನವೇ, ಲ್ಯಾಬಿನಲ್ಲಿ ತೋಳಿನ ರಕ್ತವನ್ನು ಕೊಟ್ಟ ಹೊತ್ತಿನಲ್ಲಿಯೇ ಬೆರಳಿನ ಹನಿಯನ್ನೂ ಪರೀಕ್ಷಿಸಿ, ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿ ಬರೆದು ವೈದ್ಯರಿಗೆ ತೋರಿಸಬೇಕು. ಅಂತರ 0.5ನ್ನು ಮೀರಿದರೆ ಇನ್ನೊಂದು ದಿನ ಪುನಃ ಹೋಲಿಸಬೇಕು. ಆಗಲೂ ಮೀರಿದರೆ ಆ ಯಂತ್ರ ಆ ರೋಗಿಗೆ ಹೊಂದುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಹೋಲಿಕೆಗೆ ಪ್ರತಿ ಸಲವೂ ಒಂದೇ ಒಳ್ಳೆಯ ಲ್ಯಾಬನ್ನು ಹಿಡಿಯುವುದು ಲೇಸು. ಆರು ತಿಂಗಳಿಗೊಮ್ಮೆಯೂ, ಹೊಸ ಪೊಟ್ಟಣವನ್ನು ತೆರೆದ ಮೇಲೆ ಸಂಖ್ಯೆ ಕಾರಣವಿಲ್ಲದೆ ಹಾರಿದಾಗಲೂ, ಕಾಯಿಲೆ ಬಿದ್ದು ಎದ್ದಾಗಲೂ ಈ ಹೋಲಿಕೆಯನ್ನು ಮಾಡುತ್ತಿರಬೇಕು. ಒಂದು ನೋಟುಪುಸ್ತಕದಲ್ಲಿ ತಾರೀಖು, ಸಂಖ್ಯೆ, ಸೇವಿಸಿದ ಮಾತ್ರೆಯ ಪ್ರಮಾಣ, ಪೊಟ್ಟಣದ ಮೇಲಿನ ಲಾಟ್ ನಂಬರು, ಆ ವಾರದ ಬೇರೆ ಔಷಧಗಳು ಇಷ್ಟನ್ನು ಬರೆದಿಟ್ಟರೆ, ಮುಂದೊಂದು ದಿನ ಹಿಂತೆಗೆತದ ಪ್ರಕಟಣೆ ಬಂದಾಗ ತಮ್ಮ ಮನೆಯ ಪೊಟ್ಟಣ ಅದರಲ್ಲಿ ಸೇರಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ.

ಮಾತ್ರೆಯನ್ನು ಬದಲಾಯಿಸುವ ಅಧಿಕಾರ ವೈದ್ಯರದು, ಇಲ್ಲವೆ ಅವರು ಬರೆದುಕೊಟ್ಟ ಪಟ್ಟಿಯದು, ಯಂತ್ರದ್ದಲ್ಲ. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ಒಸಡಿನ ರಕ್ತ ನಿಲ್ಲದಿದ್ದರೆ, ಹಿಂದೆಂದೂ ಬಾರದ ತಲೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎಂದಿನಂತೆ ಕೇಳುವ ಕವಾಟದ ಟಿಕ್‌ಟಿಕ್ ಸದ್ದು ಮಂಕಾದರೆ, ಪರದೆಯ ಮೇಲೆ ಎಷ್ಟೇ ಸಮಾಧಾನಕರವಾದ ಸಂಖ್ಯೆಯಿದ್ದರೂ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದೇಹ ಹೇಳುವ ಸಾಕ್ಷ್ಯಕ್ಕೂ ಯಂತ್ರ ಹೇಳುವ ಸಾಕ್ಷ್ಯಕ್ಕೂ ಭೇದ ಬಂದಾಗ ದೇಹದ ಮಾತನ್ನೇ ಮೊದಲು ಕೇಳತಕ್ಕದ್ದು.

ರೋಗಿಯ ಕರ್ತವ್ಯವನ್ನು ಹೇಳಿದಷ್ಟೇ ಒತ್ತಿ ಉಳಿದವರ ಕರ್ತವ್ಯವನ್ನೂ ಹೇಳಬೇಕಾಗಿದೆ. ನಮ್ಮಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಿವೆ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧಗಳ ಕಾನೂನಿನ ವ್ಯಾಪ್ತಿಗೆ ಬಂದಿವೆ. ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರಿಂದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗದ ಆಶ್ರಯದಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವೇ ನಡೆಯುತ್ತಿದೆ. ಅಮೆರಿಕದಲ್ಲಿ 90 ದೂರುಗಳು ಬಂದದ್ದರಿಂದ ಲಕ್ಷಾಂತರ ಮಂದಿಗೆ ಎಚ್ಚರಿಕೆ ಸಿಕ್ಕಿತು. ದೂರೇ ಹೋಗದ ದೇಶದಲ್ಲಿ ಎಚ್ಚರಿಕೆ ಎಲ್ಲಿಂದ ಹುಟ್ಟೀತು? ಯಂತ್ರಕ್ಕೂ ಲ್ಯಾಬಿಗೂ ತಾಳೆಯಾಗದಿದ್ದಾಗ ಅದನ್ನು ಬರೆದು ಕಳುಹಿಸುವುದು ಆಸ್ಪತ್ರೆಯವರ ನಿತ್ಯದ ಕೆಲಸದ ಒಂದು ಭಾಗವಾಗಬೇಕು. ಮಾರುವವರು ಪ್ರತಿ ಪೊಟ್ಟಣ ಯಾರ ಮನೆ ಸೇರಿತೆಂಬುದನ್ನು ಬರೆದಿಟ್ಟು, ಹಿಂತೆಗೆತದ ಸುದ್ದಿಯನ್ನು ಕನ್ನಡದಲ್ಲಿ, ರೋಗಿಯ ಫೋನಿಗೇ, ತಲುಪಿಸುವ ಹೊಣೆಯನ್ನು ಹೊರಬೇಕು. ಕವಾಟದ ಶಸ್ತ್ರಚಿಕಿತ್ಸೆಗೆ ಹಣ ಕೊಡುವ ಸರ್ಕಾರವು, ಆ ಕವಾಟವನ್ನು ಕಾಪಾಡುವ ಪರೀಕ್ಷೆಯನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಲ್ಯಾಬಿನೊಡನೆ ಹೋಲಿಸಿ ನೋಡಿದ ಒಂದು ಯಂತ್ರವನ್ನೂ ಅದನ್ನು ಬಳಸಬಲ್ಲ ಒಬ್ಬ ದಾದಿಯನ್ನೂ ಇರಿಸಿದರೆ, ತಿಂಗಳ ಪರೀಕ್ಷೆಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವ ಕೂಲಿಕಾರನೂ ತನ್ನ ಸಂಖ್ಯೆಯನ್ನು ಹತ್ತಿರದಲ್ಲಿಯೇ ತಿಳಿದುಕೊಳ್ಳಬಲ್ಲನು.

ಯಂತ್ರದ ಮೇಲಣ ನಂಬಿಕೆಯನ್ನು ಪೊಟ್ಟಣದೊಂದಿಗೆ ಕೊಂಡು ತರಲಾಗದು. ಪ್ರತಿಯೊಂದು ಹೋಲಿಕೆಯಿಂದ, ಪ್ರತಿಯೊಂದು ದಾಖಲೆಯಿಂದ, ತಪ್ಪು ಕಂಡಾಗ ಅದನ್ನು ಮುಚ್ಚಿಡದೆ ಹೇಳುವ ಪ್ರಾಮಾಣಿಕತೆಯಿಂದ ಅದನ್ನು ಗಳಿಸಬೇಕು, ಗಳಿಸಿದ್ದನ್ನು ಮತ್ತೆ ಮತ್ತೆ ನವೀಕರಿಸಬೇಕು. ಹಾಗೆ ಗಳಿಸಿದ ನಂಬಿಕೆಯಿಂದ ಮನೆಯ ಮಾಪಕವನ್ನು ಬಳಸುವವರಿಗೆ ಅದು ನಿಜವಾದ ಸ್ವಾತಂತ್ರ್ಯವನ್ನು ಕೊಡುತ್ತದೆ; ಆ ಸ್ವಾತಂತ್ರ್ಯವು ಹಣವಂತರ ಮನೆಗಳಲ್ಲಿಯೇ ನಿಂತುಬಿಡದೆ ಕವಾಟ ಹೊತ್ತ ಪ್ರತಿಯೊಬ್ಬರಿಗೂ ದೊರೆಯುವಂತೆ ಮಾಡುವುದು ನಾಡಿನ ಆರೋಗ್ಯವ್ಯವಸ್ಥೆ ತೀರಿಸಬೇಕಾದ ಋಣ.